ಗುಲಗಂಜಿಯಷ್ಟು ಭೇದ

ತಿ. ನರಸೀಪುರದ ಗುಂಜಾ ನರಸಿಂಹನ ಕೈಯಲ್ಲಿ ಒಂದು ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಸೀಮೆಯ ನಂಬಿಕೆ. ಚಿನ್ನ ತೂಗುವ ತಕ್ಕಡಿಯಲ್ಲಿ ಅದು ತೀರ ಸಣ್ಣ ತೂಕ. ಆದರೂ ಅಷ್ಟು ಹೆಚ್ಚಿದ್ದರೆ ಹೆಚ್ಚೇ, ಸಮವಲ್ಲ. ಮಾಧ್ವ ದರ್ಶನದ ಹಟವೂ ಇಂಥದೇ: ಎಳ್ಳಷ್ಟು ಭೇದ ಉಳಿದರೂ ಎರಡು ಎರಡೇ.

ಗುಡಿಗೆ ಸಮೀಪದಲ್ಲೇ ಕಪಿಲೆ ಕಾವೇರಿಯನ್ನು ಕೂಡುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ಇದನ್ನು ತ್ರಿವೇಣಿ ಎನ್ನುತ್ತಾರೆ. 1989ರಲ್ಲಿ ಇಲ್ಲಿ ಕುಂಭಮೇಳ ಆರಂಭವಾಯಿತು. ನದಿಗಳು ನಾಮರೂಪ ಕಳಚಿ ಕಡಲಲ್ಲಿ ಒಂದಾಗುವ ಉಪಮೆ ಅದ್ವೈತಿಗಳಿಗೆ ಬಹಳ ಪ್ರಿಯ. ಮಾಧ್ವರು ಅದೇ ನೀರನ್ನು ತೋರಿಸಿ ಬೇರೆ ಪ್ರಶ್ನೆ ಕೇಳುತ್ತಾರೆ. ನೀರಿಗೆ ನೀರು ಸೇರಿದರೆ ಪ್ರಮಾಣ ಹೆಚ್ಚುತ್ತದಲ್ಲ, ಅದು ಇದೇ ಆಗಿದ್ದರೆ ಹೆಚ್ಚಿದ್ದು ಯಾವುದು? ಬೇರೆಬೇರೆಯಾಗಿ ಕಾಣದಿರುವುದು ನಮ್ಮ ಕಣ್ಣಿನ ಮಿತಿ, ನೀರಿನ ಐಕ್ಯವಲ್ಲ. ಸಂಗಮದ ಕೆಳಗೆ ತುಂಬಿ ಹರಿಯುವ ಕಾವೇರಿಯನ್ನು ನೋಡುವಾಗ ಈ ವಾದವನ್ನು ತಳ್ಳಿಹಾಕುವುದು ನನಗೆ ಕಷ್ಟವಾಗುತ್ತದೆ.

ಕಪಿಲೆಯ ಜಾಡಿನಲ್ಲೇ ಮೇಲಕ್ಕೆ ಹೋದರೆ ನಂಜನಗೂಡು. ಶ್ರೀಕಂಠೇಶ್ವರನ ಊರು, ಜೊತೆಗೆ ರಾಯರ ಮಠದ ಊರು. ಮಂತ್ರಾಲಯದ ಸಂಸ್ಥಾನವನ್ನೇ ಬಹುಕಾಲ ನಂಜನಗೂಡು ರಾಘವೇಂದ್ರಸ್ವಾಮಿಗಳ ಮಠ ಎಂದು ಕರೆಯುತ್ತಿದ್ದರು. 1671ರಲ್ಲಿ ವೃಂದಾವನಸ್ಥರಾದ ರಾಯರನ್ನು ನಾವು ವರ ಕೊಡುವ ಗುರುಗಳಾಗಿ ಬಲ್ಲೆವು. ಜಯತೀರ್ಥರ ‘ನ್ಯಾಯಸುಧಾ’ಕ್ಕೆ ‘ಪರಿಮಳ’ವೆಂಬ ವ್ಯಾಖ್ಯಾನ ಬರೆದ ತಾರ್ಕಿಕರಾಗಿ ಬಲ್ಲವರು ಕಡಿಮೆ. ಗುರುವಾರದ ಸಾಲಿನಲ್ಲಿ ನಿಂತ ಮನುಷ್ಯನಿಗೆ ನೇರವಾಗಿ ಸಂಬಂಧಿಸಿದ ವಿಚಾರವೊಂದು ಆ ಗ್ರಂಥಪರಂಪರೆಯಲ್ಲಿದೆ. ಅದರ ಹೆಸರು ಸಾಕ್ಷಿ.

ಕನ್ನಡದಲ್ಲಿ ‘ಮನಸ್ಸಾಕ್ಷಿ’ ಎನ್ನುತ್ತೇವೆ. ಮನಸ್ಸು, ಸಾಕ್ಷಿ ಎರಡನ್ನೂ ಬೆಸೆದು, ತಪ್ಪು ಮಾಡಿದಾಗ ಚುಚ್ಚುವ ಒಳದನಿಗೆ ಆ ಹೆಸರಿಟ್ಟಿದ್ದೇವೆ. ಮಧ್ವಾಚಾರ್ಯರು ಈ ಬೆಸುಗೆಯನ್ನು ಬಿಡಿಸುತ್ತಾರೆ. ಮನಸ್ಸು ಒಂದು ಇಂದ್ರಿಯ. ಅದು ಮೋಸ ಹೋಗಬಲ್ಲದು, ಹಗ್ಗವನ್ನು ಹಾವೆನ್ನಬಲ್ಲದು. ಸಾಕ್ಷಿಯೋ ಆತ್ಮದ ಸ್ವರೂಪೇಂದ್ರಿಯ. ನನ್ನ ಇರವು, ನನ್ನ ಸುಖ, ನನ್ನ ದುಃಖ, ಕಾಲ, ದೇಶ ಇವೆಲ್ಲ ನೇರವಾಗಿ ಅದಕ್ಕೇ ಗೋಚರ. ಹಾವನ್ನು ಕಂಡದ್ದು ಭ್ರಮೆಯಾಗಿರಬಹುದು, ಆದರೆ ಹೆದರಿದ್ದು ಭ್ರಮೆಯಲ್ಲ.

ಕಾಲದ ಬಗ್ಗೆ ಅವರು ಕೊಡುವ ಆಧಾರ ಗಾಢನಿದ್ರೆ. ಕಣ್ಣು, ಕಿವಿ, ಮನಸ್ಸು ಎಲ್ಲವೂ ಅಡಗಿದ್ದವು. ಎದ್ದಕೂಡಲೇ ‘ಇಷ್ಟು ಹೊತ್ತು ಸುಖವಾಗಿ ಮಲಗಿದ್ದೆ’ ಎನ್ನುತ್ತೇವೆ. ಆ ‘ಇಷ್ಟು ಹೊತ್ತ’ನ್ನು ಉಂಡವರು ಯಾರು? ಇನ್ನು ದೇಶ: ವಸ್ತುಗಳನ್ನೆಲ್ಲ ತೆಗೆದುಹಾಕಿದಂತೆ ಕಲ್ಪಿಸಬಹುದು, ಅವು ಇದ್ದ ಎಡೆಯನ್ನೇ ತೆಗೆಯುವುದು ಕಲ್ಪನೆಗೂ ಆಗದು. ಈ ಎರಡನೆಯ ಮಾತನ್ನು ಜರ್ಮನಿಯ ಕಾಂಟ್ 1781ರ ತನ್ನ ಮಹಾಗ್ರಂಥದಲ್ಲಿ ಬೇರೆ ದಾರಿಯಲ್ಲಿ ಬಂದು ಹೇಳಿದ. ಅವನ ತೀರ್ಮಾನ ಮಾತ್ರ ತಲೆಕೆಳಗು. ದೇಶಕಾಲಗಳು ನಮ್ಮ ಗ್ರಹಿಕೆಯ ಅಚ್ಚುಗಳು, ನಾವಿಲ್ಲದೆ ಅವಿಲ್ಲ ಎಂದ ಅವನು. ಮಧ್ವರ ಪ್ರಕಾರ ಅವು ನಮ್ಮ ಹಂಗಿಲ್ಲದೆ ಇವೆ. ಹೊರಗಣ್ಣಿಗೆ ಸಿಗುವುದಿಲ್ಲ, ಅಷ್ಟೆ. ಹದಿಮೂರನೆಯ ಶತಮಾನದಲ್ಲಿ, ಕರಾವಳಿಯ ಪಾಜಕದಲ್ಲಿ ಹುಟ್ಟಿದವರೊಬ್ಬರು ಇದನ್ನು ಇಷ್ಟು ನಿಚ್ಚಳವಾಗಿ ಯೋಚಿಸಿದ್ದರೆಂಬುದು ನಮ್ಮ ಕಾಲೇಜುಗಳ ತತ್ವಶಾಸ್ತ್ರದ ಮೊದಲ ಪಾಠವಾಗಬೇಕಿತ್ತು.

ಅವರ ಧೈರ್ಯ ಇನ್ನೂ ಮುಂದೆ ಹೋಗುತ್ತದೆ. ಜೀವ, ಬ್ರಹ್ಮ ಒಂದೇ ಎನ್ನುವಂತೆ ತೋರುವ ಶ್ರುತಿವಾಕ್ಯ ಎದುರಾದರೆ ಸಾಕ್ಷಿಯ ಅನುಭವ ಬಾಗಬೇಕಿಲ್ಲ, ವಾಕ್ಯದ ಅರ್ಥವನ್ನೇ ಬೇರೆ ಮಾಡಿಕೊಳ್ಳಬೇಕು. ನಾನು ಅಲ್ಪ, ದುಃಖಿ ಎಂಬುದು ನನಗೆ ಕಂಡ ಸತ್ಯ. ಅದನ್ನು ಅಳಿಸುವ ಅಧಿಕಾರ ವೇದಕ್ಕೂ ಇಲ್ಲ. ಸಾಮಾನ್ಯನ ನೋವಿಗೆ ಶಾಸ್ತ್ರ ಇದಕ್ಕಿಂತ ದೊಡ್ಡ ಮರ್ಯಾದೆ ಕೊಟ್ಟದ್ದನ್ನು ನಾನು ಕಂಡಿಲ್ಲ.

ನನ್ನ ತಕರಾರು ಶುರುವಾಗುವುದು ಇಲ್ಲಿಂದಲೇ. ಭೇದದ ಹಿಂದೆಯೇ ತಾರತಮ್ಯ ಬರುತ್ತದೆ: ಜೀವಗಳಲ್ಲಿ ಹುಟ್ಟಾ ಮೇಲುಕೀಳು, ಕೆಲವರು ಮುಕ್ತಿಗೆ ಯೋಗ್ಯರು, ಕೆಲವರು ಎಂದೆಂದೂ ಸಂಸಾರಿಗಳು, ಕೆಲವರು ತಮಸ್ಸಿಗೆ. ಜಗನ್ನಾಥದಾಸರ ‘ಹರಿಕಥಾಮೃತಸಾರ’ದಲ್ಲಿ ಇದಕ್ಕೆಂದೇ ಸಂಧಿಗಳಿವೆ. ಕಠಿಣ ಶಾಸ್ತ್ರವನ್ನು ಹೆಂಗಸರೂ ಮನೆಯಲ್ಲಿ ಕೂತು ಹಾಡುವ ಕನ್ನಡಕ್ಕೆ ತಂದ ಆ ಕೃತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಈ ಮೆಟ್ಟಿಲುಗಳನ್ನು ಯಾರ ಸಾಕ್ಷಿ ಕಂಡಿದೆ? ನನ್ನ ದುಃಖ ನನಗೆ ಕಾಣುತ್ತದೆ, ನೆರೆಯವನದು ಅವನಿಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಸಾಕ್ಷಿ ಜೀವರಲ್ಲಿ ಯಾರಿಗೂ ಇಲ್ಲ. ಭೇದ ಅನುಭವಕ್ಕೆ ಬರುತ್ತದೆ, ದರ್ಜೆ ಬರುವುದಿಲ್ಲ.

ಅತೀಂದ್ರಿಯ ವಿಷಯದಲ್ಲಿ ಆಗಮವೇ ಪ್ರಮಾಣ, ತಾರತಮ್ಯವನ್ನು ಸಾಕ್ಷಿ ವಿರೋಧಿಸುವುದಿಲ್ಲವಲ್ಲ ಎಂದು ಪಂಡಿತರು ಹೇಳುತ್ತಾರೆ. ತರ್ಕಕ್ಕೆ ಸರಿಯಾದ ಉತ್ತರ, ಒಪ್ಪುತ್ತೇನೆ. ಆದರೆ ವಿರೋಧಿಸದಿರುವುದು ಬೇರೆ, ಸಾಕ್ಷಿ ಹೇಳುವುದು ಬೇರೆ. ಅದೂ ಅಲ್ಲದೆ ದುಃಖ ಬೇಡ, ಸುಖ ಬೇಕು ಎಂಬ ಹಂಬಲವನ್ನು ಪ್ರತಿ ಜೀವದ ಸಾಕ್ಷಿಯೂ ಕಾಣುತ್ತದೆ. ಎಂದೂ ತೀರದ ಹಂಬಲವನ್ನೇ ಕೆಲವರ ಸ್ವರೂಪದಲ್ಲಿ ಇಟ್ಟಿದೆ ಎನ್ನುವ ಸಿದ್ಧಾಂತಕ್ಕೆ ಆಗ ಹೊರೆ ಹೆಚ್ಚುತ್ತದೆ.

ವ್ಯಾಸತೀರ್ಥರ ‘ನ್ಯಾಯಾಮೃತ’ಕ್ಕೆ ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯಲ್ಲಿ ಹೆಜ್ಜೆಹೆಜ್ಜೆಗೂ ಉತ್ತರ ಕೊಟ್ಟರು. ಅದಕ್ಕೆ ಮಾಧ್ವರು ‘ತರಂಗಿಣಿ’ಯಲ್ಲಿ ಪ್ರತ್ಯುತ್ತರ ಬರೆದರು. ಎದುರಾಳಿಯ ಒಂದು ಪದವನ್ನೂ ಪರೀಕ್ಷಿಸದೆ ಬಿಡದ ಪರಂಪರೆಯಿದು. ಅಷ್ಟೇ ನಿಷ್ಠುರವಾಗಿ ತಾರತಮ್ಯವನ್ನು ಸಾಕ್ಷಿಯ ಮುಂದೆ ನಿಲ್ಲಿಸಿ ಕೇಳುವ ಕೃತಿಯೊಂದನ್ನು ಅದರೊಳಗೇ ಓದಿ ಬೆಳೆದವರು ಕನ್ನಡದಲ್ಲಿ ಬರೆಯಲಿ ಎಂದು ನಾನು ಕಾಯುತ್ತಿದ್ದೇನೆ.