ಪುಸ್ತಕ ಮುಚ್ಚಿದ ಮೇಲೆ ಶುರುವಾಗುವ ಓದು

ಪರೀಕ್ಷೆ ಹತ್ತಿರ ಬಂದಾಗ ನಮ್ಮ ಪಿಯುಸಿ, ಬಿಎಸ್ಸಿ ವಿದ್ಯಾರ್ಥಿಗಳು ರಸಾಯನಶಾಸ್ತ್ರ ಓದುವ ಕ್ರಮ ಹೆಚ್ಚುಕಡಿಮೆ ಎಲ್ಲ ಊರುಗಳಲ್ಲೂ ಒಂದೇ. ನೋಟ್ಸನ್ನು ಮೊದಲಿನಿಂದ ಕೊನೆಯವರೆಗೆ ಓದುವುದು, ಮುಖ್ಯ ಎನಿಸಿದ ಸಾಲುಗಳ ಮೇಲೆ ಹೈಲೈಟರ್ ಎಳೆಯುವುದು, ಹಳೇ ಪ್ರಶ್ನೆಪತ್ರಿಕೆಗಳಿಗೆ ಉತ್ತರ ಬರೆದಿಟ್ಟ ಗೈಡ್ ತಿರುವುವುದು, ಆಲ್ಡಾಲ್, ಕ್ಯಾನಿಜಾರೊ ಮುಂತಾದ ಕ್ರಿಯೆಗಳನ್ನು ಉರು ಹೊಡೆಯುವುದು, ಸಮಯ ಉಳಿದರೆ ಅದನ್ನೇ ಇನ್ನೊಮ್ಮೆ ಓದುವುದು. ಇದರಲ್ಲಿ ಶ್ರಮ ಕಡಿಮೆ ಎಂದು ಯಾರೂ ಹೇಳಲಾರರು. ಹಾಗೆ ರಾತ್ರಿಯೆಲ್ಲ ಓದಿದವರೇ ‘ಎಲ್ಲಾ ಓದಿದ್ದೆ, ಪೇಪರ್ ನೋಡಿದ ಕೂಡಲೇ ಏನೂ ನೆನಪಾಗಲಿಲ್ಲ’ ಎನ್ನುತ್ತಾರೆ. ಮನೆಯವರು ಇದಕ್ಕೆ ಭಯ ಕಾರಣ ಎನ್ನುತ್ತಾರೆ, ಪಾಠ ಮಾಡಿದವರು ಏಕಾಗ್ರತೆಯ ಕೊರತೆ ಎನ್ನುತ್ತಾರೆ. ನನ್ನ ಮಟ್ಟಿಗೆ ದೋಷವಿರುವುದು ಓದುವ ಕ್ರಮದಲ್ಲೇ. ಉತ್ತರ ಕಣ್ಣ ಮುಂದಿರುವಾಗ ಮಾಡುವ ಓದು ರಸಾಯನಶಾಸ್ತ್ರಕ್ಕೆ ಬರೀ ಪೂರ್ವಸಿದ್ಧತೆ. ನಿಜವಾದ ಕಲಿಕೆ ಪುಸ್ತಕ ಮುಚ್ಚಿದ ಮೇಲೆ, ಖಾಲಿ ಹಾಳೆಯ ಮುಂದೆ ಶುರುವಾಗುತ್ತದೆ.

ಇದಕ್ಕೆ ಪುರಾವೆಯಿದೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಅವಧಿಗಳಲ್ಲಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದೆ: ಶೇ. 83, ಬರೆದವರದು ಶೇ. 71. ವಾರ ಕಳೆದು ಕೇಳಿದಾಗ ಲೆಕ್ಕ ತಲೆಕೆಳಗಾಯಿತು: ಓದಿದವರಲ್ಲಿ ಉಳಿದದ್ದು ಶೇ. 40, ಬರೆದವರಲ್ಲಿ ಶೇ. 61. ಅಂಕಿಗಳಿಗಿಂತ ಮುಖ್ಯವಾದದ್ದು ಬೇರೆಯೇ ಇದೆ. ತಮಗೆ ಹೆಚ್ಚು ನೆನಪಿರುತ್ತದೆ ಎಂಬ ಭರವಸೆ ಇದ್ದದ್ದು ಮತ್ತೆ ಮತ್ತೆ ಓದಿದ ಗುಂಪಿಗೆ. ಮೂರನೇ ಸಲ ಓದುವಾಗ ಸಾಲುಗಳು ಸಲೀಸಾಗಿ ಸಾಗುತ್ತವೆ, ಆ ಸಲೀಸನ್ನೇ ನಾವು ‘ಬಂತು’ ಎಂದುಕೊಳ್ಳುತ್ತೇವೆ. ಗುರುತು ಹಿಡಿಯುವುದು ಬೇರೆ, ಕೇಳಿದಾಗ ಒಳಗಿನಿಂದ ತೆಗೆದುಕೊಡುವುದು ಬೇರೆ.

ಗದ್ಯ ನೆನಪಿಡುವುದಕ್ಕೂ ರಸಾಯನಶಾಸ್ತ್ರ ಕಲಿಯುವುದಕ್ಕೂ ವ್ಯತ್ಯಾಸವಿದೆ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಆ ವ್ಯತ್ಯಾಸ ನನ್ನ ವಾದವನ್ನು ಗಟ್ಟಿ ಮಾಡುತ್ತದೆ. ಗ್ಲಾಸ್ಗೋ ವಿಶ್ವವಿದ್ಯಾಲಯದ ಅಲೆಕ್ಸ್ ಜಾನ್‌ಸ್ಟೋನ್ ಗುರುತಿಸಿದಂತೆ ಈ ವಿಷಯ ಮೂರು ಮಟ್ಟಗಳಲ್ಲಿ ಏಕಕಾಲಕ್ಕೆ ನಡೆಯುತ್ತದೆ: ಪರೀಕ್ಷಾನಳಿಕೆಯಲ್ಲಿ ಕಣ್ಣಿಗೆ ಕಾಣುವುದು, ಕಣ್ಣಿಗೆ ಕಾಣದ ಅಣು–ಅಯಾನುಗಳ ಓಡಾಟ, ಹಾಳೆಯ ಮೇಲಿನ ಸಂಕೇತ ಮತ್ತು ಸಮೀಕರಣ. ಓದಿ ಓದಿ ಕೈವಶವಾಗುವುದು ಮೂರನೆಯದು ಮಾತ್ರ. 1987ರಲ್ಲಿ ನರೆನ್‌ಬರ್ನ್ ಮತ್ತು ಪಿಕರಿಂಗ್ ಇದನ್ನು ಒರೆಗೆ ಹಚ್ಚಿದರು. ಅವರು ಬಳಸಿದ ಒಂದು ಪ್ರಶ್ನೆ ಇದು. ಗಟ್ಟಿ ಉಕ್ಕಿನ ಟ್ಯಾಂಕಿನಲ್ಲಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಹೈಡ್ರೋಜನ್ ಇದೆ, ಅಣುಗಳನ್ನು ಚುಕ್ಕಿಗಳಾಗಿ ತೋರಿಸಿದೆ. ಉಷ್ಣತೆ ಮೈನಸ್ 20ಕ್ಕೆ ಇಳಿದರೆ ಚುಕ್ಕಿಗಳು ಹೇಗಿರುತ್ತವೆ? ಹೈಡ್ರೋಜನ್ ದ್ರವವಾಗುವುದು ಮೈನಸ್ 253ರ ಹತ್ತಿರ, ಹಾಗಾಗಿ ಮೈನಸ್ 20ರಲ್ಲೂ ಅದು ಅನಿಲವೇ, ಚುಕ್ಕಿಗಳು ಟ್ಯಾಂಕಿನ ತುಂಬ ಹರಡಿಕೊಂಡೇ ಇರುತ್ತವೆ. ಅನಿಲ ನಿಯಮದ ಸೂತ್ರ ಹಾಕಿ ಲೆಕ್ಕ ಬಿಡಿಸಬಲ್ಲ ಅನೇಕರು ಇಲ್ಲಿ ಎಡವಿದರು. ಸೂತ್ರ ಅವರಿಗೆ ಗೊತ್ತಿತ್ತು, ಆ ಸೂತ್ರ ಯಾವುದರ ಬಗ್ಗೆ ಮಾತಾಡುತ್ತಿದೆ ಎಂಬ ಚಿತ್ರ ಇರಲಿಲ್ಲ.

ನಮ್ಮ ಪ್ರಯೋಗಾಲಯದ್ದೇ ಉದಾಹರಣೆ ಬೇಕಾದರೆ ಸಾಲ್ಟ್ ಅನಾಲಿಸಿಸ್ ನೋಡಬಹುದು. ಮೂರನೇ ಗುಂಪಿನ ಪರೀಕ್ಷೆಗೆ ಮೊದಲು ಅಮೋನಿಯಂ ಕ್ಲೋರೈಡ್, ಆಮೇಲೆ ಅಮೋನಿಯಂ ಹೈಡ್ರಾಕ್ಸೈಡ್ ಹಾಕಬೇಕೆಂದು ಎಲ್ಲರ ರೆಕಾರ್ಡಿನಲ್ಲೂ ಇದೆ. ಬಿಳಿ ಲೋಳೆಯಂಥ ಒತ್ತರ ಬಂದರೆ ಅಲ್ಯೂಮಿನಿಯಂ ಎಂದು ಬರೆದು ಮುಂದೆ ಹೋಗುತ್ತಾರೆ. ಅಮೋನಿಯಂ ಕ್ಲೋರೈಡ್ ಯಾಕೆ, ಅದೂ ಮೊದಲೇ ಯಾಕೆ ಎಂದು ವೈವಾದಲ್ಲಿ ಕೇಳಿದರೆ ‘ಪ್ರೊಸೀಜರ್ ಹಾಗಿದೆ’ ಎಂಬಲ್ಲಿಗೆ ಉತ್ತರ ನಿಲ್ಲುತ್ತದೆ. ಥಿಯರಿ ನೋಟ್ಸಿನಲ್ಲಿ ಸಮಾನ ಅಯಾನು ಪರಿಣಾಮವನ್ನು ವ್ಯಾಖ್ಯೆ ಸಮೇತ ಕಲಿತವರೂ ಇವೆರಡನ್ನು ಜೋಡಿಸುವುದಿಲ್ಲ. ಪುಸ್ತಕ ಮುಚ್ಚಿ ಹತ್ತು ನಿಮಿಷ ಕೂತರೆ ಅದು ಕೈಯಲ್ಲೇ ಬಿಡಿಸಿಕೊಳ್ಳುತ್ತದೆ. 0.1 ಮೋಲಾರ್ ಅಮೋನಿಯಾ ಒಂದೇ ಇದ್ದರೆ ಹೈಡ್ರಾಕ್ಸೈಡ್ ಅಯಾನಿನ ಸಾಂದ್ರತೆ ಸುಮಾರು 1.3 × 10⁻³. ಅದರಲ್ಲಿ 1 ಮೋಲಾರ್ ಅಮೋನಿಯಂ ಕ್ಲೋರೈಡ್ ಇದ್ದರೆ ಅದು ಸುಮಾರು 1.8 × 10⁻⁶ಕ್ಕೆ ಇಳಿಯುತ್ತದೆ, ಎಂದರೆ 700 ಪಟ್ಟು ಕಡಿಮೆ. ಮೆಗ್ನೀಸಿಯಂ ಹೈಡ್ರಾಕ್ಸೈಡಿನ ವಿಲೇಯತಾ ಗುಣಲಬ್ಧ 10⁻¹¹ರ ಆಸುಪಾಸು. ಇಷ್ಟು ಕಡಿಮೆ ಹೈಡ್ರಾಕ್ಸೈಡಿನಲ್ಲಿ ಅದು ಒತ್ತರವಾಗದೆ ದ್ರಾವಣದಲ್ಲೇ ಉಳಿಯುತ್ತದೆ. ಅಲ್ಯೂಮಿನಿಯಂ ಹೈಡ್ರಾಕ್ಸೈಡಿನದು 10⁻³³ರ ಮಟ್ಟದ್ದು, ಅದಕ್ಕೆ ಅಷ್ಟೇ ಧಾರಾಳ. ಕ್ಲೋರೈಡ್ ಹಾಕದಿದ್ದರೆ ಆರನೇ ಗುಂಪಿನ ಮೆಗ್ನೀಸಿಯಂ ಮೂರನೇ ಗುಂಪಿನಲ್ಲೇ ಕಾಣಿಸಿಕೊಂಡು ಇಡೀ ವಿಶ್ಲೇಷಣೆ ದಾರಿ ತಪ್ಪುತ್ತದೆ. ಇಷ್ಟನ್ನು ಒಮ್ಮೆ ತಾನೇ ಲೆಕ್ಕ ಹಾಕಿದ ವಿದ್ಯಾರ್ಥಿ ಆ ಕ್ರಮವನ್ನು ಬಾಯಿಪಾಠ ಮಾಡಬೇಕಿಲ್ಲ.

ಬಿಡಿಸಿದ ಲೆಕ್ಕಗಳನ್ನು ಓದುವ ಅಭ್ಯಾಸದಲ್ಲಿ ಇನ್ನೊಂದು ಮೋಸವಿದೆ. ಪುಸ್ತಕದಲ್ಲಿ ಬಫರ್ ಪಾಠದ ಕೊನೆಗೆ ಇರುವ ಲೆಕ್ಕಗಳೆಲ್ಲ ಬಫರಿನವೇ. ಯಾವ ಸೂತ್ರ ಹಾಕಬೇಕೆಂಬ ನಿರ್ಧಾರವನ್ನು ಪಾಠದ ತಲೆಬರಹವೇ ಮಾಡಿಕೊಟ್ಟಿರುತ್ತದೆ. ಪರೀಕ್ಷೆಯಲ್ಲಿ ತಲೆಬರಹ ಇರುವುದಿಲ್ಲ. 25 ಮಿಲಿಲೀಟರ್ 0.1 ಮೋಲಾರ್ ಅಸಿಟಿಕ್ ಆಮ್ಲಕ್ಕೆ ಅದೇ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡ್ 10 ಮಿಲಿಲೀಟರ್ ಹಾಕಿದರೆ ಬಫರ್. 25 ಹಾಕಿದರೆ ಆಮ್ಲವೆಲ್ಲ ಮುಗಿದು ಲವಣದ ಜಲವಿಭಜನೆಯ ಲೆಕ್ಕ. 30 ಹಾಕಿದರೆ ಉಳಿದ ಪ್ರಬಲ ಪ್ರತ್ಯಾಮ್ಲದ ಲೆಕ್ಕ. ಬದಲಾದದ್ದು ಒಂದೇ ಅಂಕಿ. ಇದನ್ನು ಗುರುತಿಸುವುದೇ ಕಲಿಯಬೇಕಾದ ಕೌಶಲ, ಅದು ಬರುವುದು ಬೇರೆ ಬೇರೆ ಪಾಠದ ಲೆಕ್ಕಗಳನ್ನು ಬೆರೆಸಿ ಮಾಡಿದಾಗ. ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಗಣಿತದ ಲೆಕ್ಕಗಳಲ್ಲಿ ರೋರರ್ ಮತ್ತು ಟೇಲರ್ 2007ರಲ್ಲಿ ಇದನ್ನೇ ಕಂಡರು. ಅಭ್ಯಾಸದ ಹೊತ್ತಿನಲ್ಲಿ ಒಂದೊಂದೇ ಬಗೆಯನ್ನು ಸಾಲಾಗಿ ಮಾಡಿದವರು ಶೇ. 89 ಸರಿ, ಬೆರೆಸಿ ಮಾಡಿದವರು ಶೇ. 60. ವಾರದ ಬಳಿಕದ ಪರೀಕ್ಷೆಯಲ್ಲಿ ಮೊದಲಿನವರು ಶೇ. 20, ಎರಡನೆಯವರು ಶೇ. 63. ಕಲಿಯುವಾಗ ಹೆಚ್ಚು ತಪ್ಪು ಮಾಡಿದವರೇ ಕೊನೆಗೆ ಮುಂದೆ ಬಂದರು. ಟ್ಯೂಷನ್‌ಗಳಲ್ಲಿ ‘ಲೆಕ್ಕ ಸರಿ ಬಂತಾ’ ಎಂದಷ್ಟೇ ಕೇಳುವವರು ಇದನ್ನು ಗಮನಿಸಬೇಕು.

ಪರೀಕ್ಷೆಯೇ ಉರುವನ್ನು ಕೇಳುವಾಗ ಈ ಕಷ್ಟ ಯಾಕೆ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಪ್ರಶ್ನೆ. ಅಲ್ಲಗಳೆಯುವಂತಿಲ್ಲ, ವ್ಯಾಖ್ಯೆ, ಸಮೀಕರಣ, ತಯಾರಿಕಾ ವಿಧಾನ ಎಂದು ನೇರವಾಗಿ ಕೇಳುವ ಪ್ರಶ್ನೆಗಳು ನಮ್ಮ ಪತ್ರಿಕೆಗಳಲ್ಲಿ ಸಾಕಷ್ಟಿವೆ. ನಾಳೆ ಬೆಳಿಗ್ಗೆಯ ಪತ್ರಿಕೆಗೆ ಇವತ್ತು ರಾತ್ರಿ ಓದುವುದು ಒಂದಿಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ರೋಡಿಗರ್–ಕಾರ್ಪಿಕ್‌ರ ಐದು ನಿಮಿಷದ ಫಲಿತಾಂಶವೇ ಹತ್ತಿರದ ಸಾಕ್ಷಿ. ಆದರೆ ಮೋಲ್ ಪರಿಕಲ್ಪನೆ ಒಂದು ಪರೀಕ್ಷೆಗೆ ಮುಗಿದು ಹೋಗುವುದಲ್ಲ. ಅದು ದ್ರಾವಣಗಳಲ್ಲಿ, ವಿದ್ಯುದ್ರಸಾಯನದಲ್ಲಿ, ಪದವಿಯ ಟೈಟ್ರೇಷನ್‌ನಲ್ಲಿ ಮತ್ತೆ ಬರುತ್ತದೆ. ಇನ್ನು ಉರು ಬೇಕೇ ಬೇಕಾದ ಜಾಗಗಳೂ ಇವೆ: ಅಯಾನುಗಳ ಹೆಸರು ಮತ್ತು ಆವೇಶ, ವೇಲೆನ್ಸಿ, ಕ್ರಿಯಾಶೀಲ ಗುಂಪುಗಳು. ಇವಿಲ್ಲದೆ ಆಲೋಚನೆಗೆ ಸಾಮಗ್ರಿಯೇ ಇಲ್ಲ. ಅವನ್ನೂ ಚೀಟಿಯ ಒಂದು ಬದಿ ನೋಡಿ ಇನ್ನೊಂದು ಬದಿಯನ್ನು ನೆನಪಿನಿಂದ ಬರೆದೇ ಕಲಿಯಬೇಕು, ಎರಡು ದಿನ ಬಿಟ್ಟು ಮತ್ತೆ ಬರೆಯಬೇಕು. ಕಂಠಪಾಠಕ್ಕೂ ಬರೀ ಓದು ಒಳ್ಳೆಯ ದಾರಿಯಲ್ಲ.

ಓದುವ ಕ್ರಮ ಕಲಿಸಿದರೆ ಫಲಿತಾಂಶ ಬದಲಾಗುತ್ತದೆಯೇ? ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಾಂಡ್ರಾ ಮೆಗ್ವಾಯರ್ ಮತ್ತು ಸಹೋದ್ಯೋಗಿಗಳು ಜನರಲ್ ಕೆಮಿಸ್ಟ್ರಿ ವಿದ್ಯಾರ್ಥಿಗಳಿಗೆ ಮೊದಲ ಪರೀಕ್ಷೆಯ ನಂತರ 50 ನಿಮಿಷದ ಒಂದೇ ಉಪನ್ಯಾಸ ಕೊಟ್ಟು ಈ ಬಗೆಯ ವಿಧಾನಗಳನ್ನು ತಿಳಿಸಿದರು. ಬಂದು ಕೇಳಿದವರ ಅಂತಿಮ ಫಲಿತಾಂಶ ಬಾರದವರಿಗಿಂತ ಒಂದು ಗ್ರೇಡಿನಷ್ಟು ಮೇಲಿತ್ತೆಂದು 2013ರಲ್ಲಿ ವರದಿ ಮಾಡಿದರು. ನಾನು ಇದನ್ನು ಪೂರ್ತಿ ಸಾಕ್ಷಿಯಾಗಿ ಒಪ್ಪಲಾರೆ. ಬರುವ ಮನಸ್ಸಿದ್ದವರೇ ಬಂದಿರುತ್ತಾರೆ, ಅವರು ಹೇಗೂ ಹೆಚ್ಚು ಶ್ರದ್ಧೆಯವರಾಗಿರಬಹುದು. ಆದರೂ ಓದುವುದು ಹೇಗೆ ಎಂದು ಯಾರೂ ಹೇಳಿಕೊಡದೆ ‘ಚೆನ್ನಾಗಿ ಓದು’ ಎನ್ನುವುದಕ್ಕಿಂತ ಆ 50 ನಿಮಿಷ ದೊಡ್ಡದು.

ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನಲ್ಲಿ ಪಾಠ ಕೇಳುವ ಮಕ್ಕಳ ಪರವಾಗಿ ಒಂದು ಮಾತು ಬರುತ್ತದೆ: ವಾಕ್ಯವೇ ಅರ್ಥವಾಗದಾಗ ಅದನ್ನು ಹಾಗೇ ಉರು ಹೊಡೆಯುವುದು ಬಿಟ್ಟು ಅವರಿಗೆ ಬೇರೆ ದಾರಿಯೇನು? ಈ ಕಷ್ಟ ನಿಜವಾದದ್ದು, ಇದನ್ನು ಹಗುರಾಗಿ ತೆಗೆದುಕೊಳ್ಳುವವರ ಮೇಲೆ ನನಗೆ ಕೋಪವಿದೆ. ಆದರೆ ಖಾಲಿ ಹಾಳೆಯ ಮೇಲಿನ ವಿವರಣೆ ಇಂಗ್ಲಿಷಿನಲ್ಲೇ ಇರಬೇಕೆಂಬ ನಿಯಮವಿಲ್ಲ. ಬೆಂಜಾಲ್ಡಿಹೈಡ್ ಆಲ್ಡಾಲ್ ಬಿಟ್ಟು ಕ್ಯಾನಿಜಾರೊ ದಾರಿ ಹಿಡಿಯುವುದೇಕೆ ಎಂಬುದನ್ನು ‘ಇದರಲ್ಲಿ ಆಲ್ಫಾ ಹೈಡ್ರೋಜನ್ನೇ ಇಲ್ಲ, ಕ್ಷಾರ ಬಂದು ಕಿತ್ತುಕೊಳ್ಳೋಕೆ ಏನೂ ಸಿಗಲ್ಲ, ಅದಕ್ಕೇ ನೇರವಾಗಿ ಕಾರ್ಬೊನಿಲ್ ಕಾರ್ಬನ್ನಿಗೇ ಹೋಗಿ ಹೊಡೆಯುತ್ತೆ’ ಎಂದು ಗೆಳತಿಗೆ ಕನ್ನಡದಲ್ಲಿ ಹೇಳಬಲ್ಲ ಹುಡುಗಿಗೆ ವಿಷಯ ಬಂದಿದೆ. ಪರೀಕ್ಷೆಗೆ ಬೇಕಾದ ನಾಲ್ಕು ಇಂಗ್ಲಿಷ್ ವಾಕ್ಯಗಳನ್ನು ಅವಳು ಆ ತಿಳಿವಳಿಕೆಯ ಮೇಲೆ ಕೂರಿಸಿಕೊಳ್ಳಬಲ್ಲಳು. ತಿಳಿವಳಿಕೆ ಇಲ್ಲದೆ ಆ ನಾಲ್ಕು ವಾಕ್ಯಗಳನ್ನಷ್ಟೇ ಕಲಿತವಳಿಗೆ, ಪ್ರಶ್ನೆಯಲ್ಲಿ ಬೆಂಜಾಲ್ಡಿಹೈಡ್ ಬದಲು ಫಾರ್ಮಾಲ್ಡಿಹೈಡ್ ಎಂದಿದ್ದರೆ ಕೈ ಕಟ್ಟಿಹಾಕಿದಂತೆ. ವೈವಾ ಮಾಡುವವರು ಈ ‘ಯಾಕೆ’ಯನ್ನು ಕನ್ನಡದಲ್ಲೇ ಕೇಳಿ, ಕನ್ನಡದ ಉತ್ತರಕ್ಕೂ ಪೂರ್ತಿ ಅಂಕ ಕೊಡಲು ಹೊಸ ಸಿಲಬಸ್ಸೂ ಬೇಕಿಲ್ಲ, ಹೊಸ ಪುಸ್ತಕವೂ ಬೇಕಿಲ್ಲ.