ರಿಯಾಯಿತಿಯೂ ದೇವರದ್ದೇ

ಮುಸ್ಲಿಮರು ಧರ್ಮಕ್ಕೆ ಕಟ್ಟುಬಿದ್ದು ಔಷಧ ಬಿಡುತ್ತಾರೆ ಎಂಬ ಮಾತು ನಮ್ಮ ಕಡೆ ಸಲೀಸಾಗಿ ಓಡಾಡುತ್ತದೆ. ದೊಡ್ಡಬಳ್ಳಾಪುರದ ಕ್ಲಿನಿಕ್ಕುಗಳ ಬೆಂಚಿನ ಮೇಲೆ ಕೂತು ನಾನೇ ಕೇಳಿಸಿಕೊಂಡಿದ್ದೇನೆ. ನಮ್ಮವರಲ್ಲೂ ಕೆಲವರು ಇದನ್ನು ಹೆಮ್ಮೆಯಿಂದ ಒಪ್ಪಿಕೊಳ್ಳುತ್ತಾರೆ: ಅಲ್ಲಾಹನ ಮೇಲೆ ತವಕ್ಕುಲ್, ಅಂದರೆ ಪೂರ್ಣ ಭರವಸೆ, ಇಟ್ಟವನಿಗೆ ಮಾತ್ರೆ ಏಕೆ ಅನ್ನುತ್ತಾರೆ. ದೂರುವವರೂ ಹೆಮ್ಮೆಪಡುವವರೂ ಧರ್ಮ ಹೇಳದ ಮಾತನ್ನು ಧರ್ಮದ ತಲೆಗೆ ಕಟ್ಟುತ್ತಿದ್ದಾರೆ.

ಔಷಧಿ ಮಾಡಿಸಿಕೊಳ್ಳಬಹುದೇ ಎಂದು ಮರುಭೂಮಿಯ ಜನ ಕೇಳಿದಾಗ ಪ್ರವಾದಿಯವರು ಮಾಡಿಸಿಕೊಳ್ಳಿ ಎಂದರು. ಮುಪ್ಪೊಂದನ್ನು ಬಿಟ್ಟರೆ ಎಲ್ಲ ರೋಗಕ್ಕೂ ಮದ್ದಿದೆ ಎಂದರು. ಅಬೂ ದಾವೂದರ ಹದೀಸ್ ಸಂಗ್ರಹದಲ್ಲಿ ಇದು ದಾಖಲಾಗಿದೆ. 639ರ ಸುಮಾರಿಗೆ ಸಿರಿಯಾದಲ್ಲಿ ಪ್ಲೇಗ್ ಎದ್ದಾಗ ಖಲೀಫ ಉಮರ್ ಅರ್ಧ ದಾರಿಯಿಂದ ಹಿಂತಿರುಗಿದರು. ದೇವರ ವಿಧಿಯಿಂದ ಓಡುವುದೇ ಎಂದು ಅಲ್ಲಿನ ಸೇನಾಪತಿ ಅಬೂ ಉಬೈದಾ ಆಕ್ಷೇಪಿಸಿದರೆ, ಓಡುತ್ತಿರುವುದೂ ಅವನ ವಿಧಿಯ ಕಡೆಗೇ ಎಂಬರ್ಥದ ಉತ್ತರ ಕೊಟ್ಟರು. ಮುಂದೆ ಮುಸ್ಲಿಂ ವೈದ್ಯರು ಗ್ರೀಕರ ವೈದ್ಯವನ್ನು ಹಿಂಜರಿಯದೆ ಕಲಿತರು. ಆ ಪದ್ಧತಿಯ ಯುನಾನಿ ಎಂಬ ಹೆಸರೇ ಗ್ರೀಸಿನದು. ಬೆಂಗಳೂರಿನ ಕೊಟ್ಟಿಗೆಪಾಳ್ಯದಲ್ಲಿ ಇಂದು ಅದರ ರಾಷ್ಟ್ರೀಯ ಸಂಸ್ಥೆಯೇ ಇದೆ.

ಹಾಗಾದರೆ ಸಕ್ಕರೆ ಕಾಯಿಲೆಯವರು ರಂಜಾನಿನಲ್ಲಿ ರೋಜಾ, ಅಂದರೆ ಉಪವಾಸ, ಏಕೆ ಬಿಡುವುದಿಲ್ಲ? ಕುರ್‌ಆನಿನ ಎರಡನೇ ಅಧ್ಯಾಯವೇ ರೋಗಿಗೆ ರಿಯಾಯಿತಿ ಕೊಟ್ಟಿದೆ. ವಾಸಿಯಾಗದ ಕಾಯಿಲೆಯವರು ಬಿಟ್ಟ ದಿನಕ್ಕೊಬ್ಬ ಬಡವನಿಗೆ ಉಣಬಡಿಸಿದರಾಯಿತು, ಅದೇ ಫಿದಿಯಾ. ಆದರೂ 2001ರಲ್ಲಿ 13 ದೇಶಗಳ 12,000ಕ್ಕೂ ಹೆಚ್ಚು ರೋಗಿಗಳನ್ನು ವಿಚಾರಿಸಿದ ಎಪಿಡಯಾರ್ ಅಧ್ಯಯನದಲ್ಲಿ, ಟೈಪ್ 2 ಮಧುಮೇಹಿಗಳ ಪೈಕಿ ಸುಮಾರು 79% ಮಂದಿ ಕನಿಷ್ಠ 15 ದಿನ ರೋಜಾ ಇದ್ದರು. ಧರ್ಮಶಾಸ್ತ್ರ ಬಾಗಿಲು ತೆರೆದಿಟ್ಟರೂ ಜನ ಆಚೆ ಬರುತ್ತಿಲ್ಲ.

ಕಾರಣ ನನಗೆ ತಿಳಿದದ್ದು ಖಾಲಾ, ಅಂದರೆ ತಾಯಿಯ ಸೋದರಿಯ, ಮನೆಯಲ್ಲಿ. ಮಗ್ಗದ ಸದ್ದಿನ ಬೀದಿ, ಸಂಜೆ ನಾಲ್ಕು ಗಂಟೆ. ಖಾಲಾ ಗೋಡೆಗೆ ಒರಗಿ ಬೆವರುತ್ತಿದ್ದರು, ಬೆರಳು ನಡುಗುತ್ತಿತ್ತು. ಬೆಳಗಿನ ಇನ್ಸುಲಿನ್ನನ್ನು ನಸುಕಿನ ಸಹರಿ ಊಟದಲ್ಲಿ ಎಂದಿನಷ್ಟೇ ಚುಚ್ಚಿಕೊಂಡಿದ್ದರು. ಮೀಟರಿನಲ್ಲಿ 62 ಬಂತು. 70ಕ್ಕಿಂತ ಇಳಿದರೆ ರೋಜಾ ಮುರಿಯಲೇಬೇಕು ಎನ್ನುತ್ತದೆ ವೈದ್ಯಕೀಯ ಮಾರ್ಗಸೂಚಿ. ಸಕ್ಕರೆ ನೀರಿನ ಲೋಟ ಮುಂದೆ ಹಿಡಿದರೆ ಅವರು ಗಡಿಯಾರ ನೋಡಿದರು. "ಇನ್ನೆರಡೂವರೆ ಗಂಟೆ ತಾನೇ ಬೇಟಾ." ಬಲವಂತಕ್ಕೆ ಕುಡಿದು, ಚೇತರಿಸಿಕೊಂಡ ಮೇಲೆ ಅತ್ತರು. "ಎಲ್ಲರೂ ಇಫ್ತಾರಿಗೆ ಕೂತಾಗ ನಾನೊಬ್ಬಳು ಹೊಟ್ಟೆ ತುಂಬಿದವಳಾಗಿ ಹೇಗೆ ಕೂರಲಿ?"

ಅವರನ್ನು ಹಿಡಿದಿಟ್ಟದ್ದು ಪಂಕ್ತಿ ತಪ್ಪುವ ಸಂಕಟ. ಅದನ್ನು ಮೌಢ್ಯ ಎಂದು ಕರೆಯಲು ನನಗೆ ಮನಸ್ಸಿಲ್ಲ. ಡಾಕ್ಟರು "ರೋಜಾ ಬೇಡ" ಎಂದು ಒಂದೇ ಮಾತಿಗೆ ಮುಗಿಸಿದ್ದರು. ಖಾಲಾ ಎದುರಾಡದೆ ತಲೆಯಾಡಿಸಿ ಬಂದು ಗುಟ್ಟಾಗಿ ರೋಜಾ ಇದ್ದರು. ಡೋಸ್ ಹೇಗೆ ಬದಲಿಸಬೇಕೆಂದು ಕೇಳುವ ದಾರಿ ಅಲ್ಲಿಗೇ ಮುಚ್ಚಿತ್ತು. ಅಪಾಯ ಹುಟ್ಟಿದ್ದು ಆ ಗುಟ್ಟಿನಲ್ಲಿ.

ಆದ್ದರಿಂದ ವೈದ್ಯರಲ್ಲಿ ನನ್ನ ಕೋರಿಕೆ: ರಂಜಾನಿಗೆ ಒಂದು ತಿಂಗಳ ಮುಂಚೆ, ಶಾಬಾನಿನಲ್ಲೇ, "ಈ ಸಲ ರೋಜಾ ಇರ್ತೀರಾ?" ಎಂದು ನೀವಾಗಿಯೇ ಕೇಳಿ. ಯಾರು ಇರಬಹುದು, ಯಾರು ಕೂಡದು, ಯಾರ ಔಷಧ ಬದಲಾಗಬೇಕು ಎಂದು ಬಿಡಿಸಿ ಹೇಳಿ. ಇಮಾಮರಲ್ಲಿ ಕೋರಿಕೆ: ರೋಜಾದ ಪುಣ್ಯದಷ್ಟೇ ಗಟ್ಟಿಯಾಗಿ ರಿಯಾಯಿತಿಯ ಮಾತನ್ನೂ ಶುಕ್ರವಾರದ ಜುಮ್ಮಾದಲ್ಲಿ ಹೇಳಿ. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ರೋಜಾ ಮುರಿಯದು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಅಷ್ಟು ತಿಳಿಯದೆ ಎಷ್ಟೋ ಮಂದಿ ಮೀಟರ್ ಮುಟ್ಟುವುದಿಲ್ಲ.

ಮರುವರ್ಷ ಖಾಲಾ ರೋಜಾ ಬಿಟ್ಟರು. ಫಿದಿಯಾದ ಅನ್ನವನ್ನು ದಿನವೂ ತಾವೇ ಬೇಯಿಸಿ, ಬೀದಿಯ ಕೊನೆಯ ಮನೆಯ ಮುದುಕಿಗೆ ಕೊಟ್ಟು ಬರುತ್ತಿದ್ದರು. ಮಗ್ರಿಬ್ ಅಜಾನ್ ಆದಾಗ ಖರ್ಜೂರದ ತಟ್ಟೆ ಹಿಡಿದು ಎಲ್ಲರಿಗೂ ಹಂಚಿ, ಎಲ್ಲರ ನಡುವೆಯೇ ಕೂರುತ್ತಿದ್ದರು.