ಶೋಕಸಮಾಲೋಚನೆಯ ದೃಷ್ಟಿಯಿಂದ ಲೂಯಿಸರ 'ಎ ಗ್ರೀಫ್ ಅಬ್ಸರ್ವ್ಡ್'

ಸಾವಿನ ಮನೆಗೆ ಒಯ್ಯಲು ತಕ್ಕ ಪುಸ್ತಕವೆಂದು ಸಿ. ಎಸ್. ಲೂಯಿಸರ 'ಎ ಗ್ರೀಫ್ ಅಬ್ಸರ್ವ್ಡ್' ಹೆಸರಾಗಿದೆ. ಆದರೆ ಈ ಕಿರುಗ್ರಂಥವನ್ನು ಮೊದಲು ಓದಬೇಕಾದವರು ಶೋಕದಲ್ಲಿರುವವರಲ್ಲ, ಅವರ ಬಳಿಗೆ ಹೋಗುವ ನಾವು. ಸಭಾಪಾಲಕನು ಆಡಿ ಮುಗಿಸಿದ ಮಾತು ಕೇಳಿಸಿಕೊಂಡವರ ಒಳಗೆ ಏನಾಗುತ್ತದೆಂಬುದನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸುವ ಬರಹಗಳು ವಿರಳ.

ಗ್ರಂಥದ ಹಿನ್ನೆಲೆ ಪರಿಚಿತವೇ. ಅಮೆರಿಕದ ಲೇಖಕಿ ಜಾಯ್ ಡೇವಿಡ್‌ಮನ್ ಅವರನ್ನು ಲೂಯಿಸರು 1956ರಲ್ಲಿ ಕಾನೂನಿನ ಪ್ರಕಾರವೂ 1957ರಲ್ಲಿ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಸಭೆಯ ವಿಧಿಯಂತೆಯೂ ವಿವಾಹವಾದರು. ಕ್ಯಾನ್ಸರ್ ಆಕೆಯನ್ನು 1960ರ ಜುಲೈ 13ರಂದು ಕೊಂಡೊಯ್ದಿತು. ಮನೆಯಲ್ಲಿ ಸಿಕ್ಕ ಖಾಲಿ ನೋಟುಪುಸ್ತಕಗಳಲ್ಲಿ ಲೂಯಿಸರು ಬರೆದಿಟ್ಟ ಟಿಪ್ಪಣಿಗಳು 1961ರಲ್ಲಿ ಎನ್. ಡಬ್ಲ್ಯು. ಕ್ಲರ್ಕ್ ಎಂಬ ಕಲ್ಪಿತ ಹೆಸರಿನಲ್ಲಿ ಪ್ರಕಟವಾದವು.

1940ರಲ್ಲಿ 'ದಿ ಪ್ರಾಬ್ಲಮ್ ಆಫ್ ಪೇನ್' ಬರೆದು ನೋವಿಗೆ ಕಾರಣಗಳನ್ನು ವಿವರಿಸಿದ್ದವರೇ ಇಲ್ಲಿ ದೇವರ ಬಾಗಿಲು ಮುಚ್ಚಿದೆಯೆಂದು ದೂರುತ್ತಾರೆ. ಇದನ್ನು ಹಿಡಿದು, ಎರಡನೆಯ ಗ್ರಂಥವು ಮೊದಲನೆಯದನ್ನು ಸುಳ್ಳು ಮಾಡಿತೆಂದು ಹೇಳುವವರುಂಟು. ನನಗೆ ಹಾಗೆ ತೋರುವುದಿಲ್ಲ. ಲೋಕದಲ್ಲಿ ನೋವು ಏಕಿದೆ ಎಂಬುದು ಒಂದು ಪ್ರಶ್ನೆ. ದೇವರೇ, ನೀನೆಲ್ಲಿ ಎಂಬುದು ಬೇರೊಂದು. ಮೊದಲನೆಯದಕ್ಕೆ ಕೊಡಬೇಕಾದ ಉತ್ತರವನ್ನು ಎರಡನೆಯದನ್ನು ಕೇಳುವವನಿಗೆ ಕೊಟ್ಟಲ್ಲಿಯೇ ಪಾಲನಾಸೇವೆ ಎಡವುತ್ತದೆ. ಯೋಬನ ಮೂವರು ಸ್ನೇಹಿತರು ಏಳು ದಿವಸ ಮೌನವಾಗಿ ನೆಲದ ಮೇಲೆ ಕುಳಿತಿದ್ದಾಗ ಅವರಲ್ಲಿ ಯಾವ ದೋಷವೂ ಇರಲಿಲ್ಲ; ಅವರು ಬಾಯಿ ತೆರೆದ ಮೇಲೆಯೇ ಗ್ರಂಥವು ಅಷ್ಟು ದೀರ್ಘವಾಯಿತು.

ಶೋಕದ ನಕ್ಷೆಯನ್ನು ಬರೆಯಬಹುದೆಂದು ಲೂಯಿಸರು ಮೊದಲು ಭಾವಿಸಿದ್ದರು. ಬೇಕಾಗಿರುವುದು ನಕ್ಷೆಯಲ್ಲ, ಚರಿತ್ರೆ ಎಂದು ಕಡೆಗೆ ಕಂಡುಕೊಂಡರು. ಬೆಳಗು ಹಗುರವಾಗುತ್ತದೆ, ಸಂಜೆಗೆ ಮೊದಲ ದಿನದ ಸಂಕಟವೇ ಮರಳುತ್ತದೆ. 'ಐದು ಹಂತ'ಗಳನ್ನು ಕಂಠಪಾಠ ಮಾಡಿಕೊಂಡು ಹೋಗುವ ನಮ್ಮ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ವಿವರಿಸಿದ್ದು ಮರಣದ ಹೊಸ್ತಿಲಲ್ಲಿದ್ದ ರೋಗಿಗಳ ಸಂದರ್ಶನಗಳಿಂದ, ಅವರನ್ನು ಕಳೆದುಕೊಂಡವರ ಸಂದರ್ಶನಗಳಿಂದಲ್ಲ. ಆ ಕಾರ್ಯಕ್ಕೆ ಪ್ರೇರಣೆಯಾದವರು ನೆರವು ಕೋರಿ ಆಕೆಯ ಬಳಿಗೆ ಬಂದ ಶಿಕಾಗೊ ನಗರದ ದೇವಶಾಸ್ತ್ರ ವಿದ್ಯಾರ್ಥಿಗಳು. ಅವರು ಹೋದದ್ದು ಕೇಳಲಿಕ್ಕೆ. ನಾವು ಹಂಚುತ್ತಿರುವುದು ಪಟ್ಟಿಯನ್ನು. ವಿಧವೆಯೊಬ್ಬಳ ಕೋಪವನ್ನು 'ಎರಡನೆಯ ಹಂತ' ಎಂದು ಗುರುತಿಸಿದವನಿಗೆ ಆಕೆ ಯಾರ ಮೇಲೆ ಕೋಪಗೊಂಡಿದ್ದಾಳೆಂದು ಕೇಳುವ ಅಗತ್ಯ ತೋರುವುದಿಲ್ಲ.

ಗ್ರಂಥದಲ್ಲಿ ನಮ್ಮನ್ನು ಹೆಚ್ಚು ಕದಲಿಸಬೇಕಾದ ಭಾಗವೆಂದರೆ, ನಿರೀಕ್ಷೆಯಿಲ್ಲದವರಂತೆ ದುಃಖಿಸಬಾರದೆಂದು ಪೌಲನು ಥೆಸಲೊನೀಕದವರಿಗೆ ಬರೆದ ಮಾತಿನ ಪರಿಶೀಲನೆ. ಆ ಮಾತು ಸಾಂತ್ವನಗೊಳಿಸುವುದು ಸತ್ತವರಿಗಿಂತ ದೇವರನ್ನೂ ತನಗಿಂತ ಸತ್ತವರನ್ನೂ ಹೆಚ್ಚಾಗಿ ಪ್ರೀತಿಸುವವರನ್ನು ಮಾತ್ರ ಎನ್ನುತ್ತಾರೆ ಲೂಯಿಸರು. ಮಗುವನ್ನು ಕಳೆದುಕೊಂಡ ತಾಯಿಯಲ್ಲಿರುವ ವಿಶ್ವಾಸಿಗೆ ಪುನರುತ್ಥಾನದ ನಿರೀಕ್ಷೆಯಿದೆ; ಅವಳಲ್ಲಿರುವ ತಾಯಿಗೆ ಮಡಿಲು ಬರಿದಾಗಿದೆ. ಪೌಲನು ನಿಷೇಧಿಸಿದ್ದು ದುಃಖವನ್ನಲ್ಲ, ನಿರೀಕ್ಷೆಯಿಲ್ಲದ ದುಃಖವನ್ನು. ಸಮಾಧಿಯ ಬಳಿಯಲ್ಲಿ ಈ ವಚನವನ್ನು ಓದಿ 'ಅಳಬೇಡಿರಿ' ಎಂದು ಮುಗಿಸುವವರು ಲಾಜರನ ಸಮಾಧಿಯ ಬಳಿ ಯೇಸುವೇ ಅತ್ತದ್ದನ್ನು ಹೇಗೆ ಬೋಧಿಸುತ್ತಾರೋ!

ಆದರೂ ಗ್ರಂಥಕ್ಕೆ ಮಿತಿಗಳಿವೆ. 1958ರಲ್ಲಿಯೇ ಕೀರ್ತನೆಗಳ ಕುರಿತು ಗ್ರಂಥ ಬರೆದಿದ್ದ ಲೂಯಿಸರು, ತಮಗೇ ಅವು ಬೇಕಾದಾಗ ಪ್ರಲಾಪದ ಕೀರ್ತನೆಗಳ ಬಳಿ ನಿಲ್ಲುವುದಿಲ್ಲ. ಶಿಲುಬೆಯ ಮೇಲಿನ ಕೂಗನ್ನು ಸ್ನೇಹಿತನು ನೆನಪಿಸಿದಾಗ, ಅದರಿಂದ ಅರ್ಥವಾಗುವುದು ಸುಲಭವಾಯಿತೇ ಎಂದು ಕೇಳಿ ಮುಂದೆ ಸಾಗುತ್ತಾರೆ. ಕತ್ತಲೆಯಲ್ಲಿಯೇ ಮುಗಿಯುವ 88ನೇ ಕೀರ್ತನೆಯು ದೂರುವವನಿಗೆ ಆರಾಧನೆಯೊಳಗೇ ಸ್ಥಳ ಕೊಡುತ್ತದೆ. ಅವರ ಟಿಪ್ಪಣಿಗಳಲ್ಲಿ ಅಂಥ ಸಭೆ ಕಾಣುವುದಿಲ್ಲ, ಒಬ್ಬ ಮನುಷ್ಯ ಮತ್ತು ನೋಟುಪುಸ್ತಕ ಮಾತ್ರ. ನಮ್ಮಲ್ಲಿ ಸ್ಥಿತಿ ಮೊದಲಿಗೆ ಇದಕ್ಕೆ ವಿರುದ್ಧ. ಮಣ್ಣಿನ ದಿನ ಊರೇ ನೆರೆಯುತ್ತದೆ, ಮನೆಯಲ್ಲಿ ಪ್ರಾರ್ಥನಾಕೂಟಗಳು ನಡೆಯುತ್ತವೆ. ಬಳಿಕ ಬಾಗಿಲು ತಟ್ಟುವವರು ಕಡಿಮೆಯಾಗುತ್ತಾರೆ. ಪಿಂಚಣಿಯ ಕಾಗದ, ಬ್ಯಾಂಕಿನ ಪುಸ್ತಕ, ಒಂದು ತಟ್ಟೆ ಕಡಿಮೆಯಾದ ಊಟ ಇವು ಉಳಿಯುತ್ತವೆ. ಲೂಯಿಸರು ಬರೆದದ್ದು ಇಂಥ ದಿನಗಳಲ್ಲಿ. ಸಮಾಲೋಚಕನ ಕೆಲಸ ಆರಂಭವಾಗಬೇಕಾದದ್ದೂ ಆಗಲೇ: ಸತ್ತವರ ಹೆಸರನ್ನು ಹಿಡಿದು ಮಾತಾಡಲು ಬಿಡುವುದು, ಒಂದೇ ಕಥೆಯನ್ನು ಹತ್ತನೆಯ ಸಲವೂ ಕೇಳುವುದು, ಊಟ ನಿದ್ರೆಗಳನ್ನು ವಿಚಾರಿಸುವುದು, ಬದುಕುವ ಇಚ್ಛೆಯೇ ಬತ್ತಿದಂತೆ ಕಂಡರೆ ತಡಮಾಡದೆ ಮನೋವೈದ್ಯರ ಬಳಿಗೆ ಜೊತೆಯಲ್ಲಿ ಹೋಗುವುದು.

ಇನ್ನೊಂದು ಕೊರತೆ ಮಕ್ಕಳದು. ಜಾಯ್ ಅವರ ಇಬ್ಬರು ಗಂಡುಮಕ್ಕಳು ಅದೇ ಮನೆಯಲ್ಲಿದ್ದರು. ತಾಯಿಯ ಮಾತೆತ್ತಿದಾಗ ಅವರ ಮುಖದಲ್ಲಿ ಕಂಡದ್ದು ದುಃಖವಲ್ಲ, ಮುಜುಗರ ಎಂದು ಲೂಯಿಸರು ದಾಖಲಿಸುತ್ತಾರೆ. ಒಂಬತ್ತನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡಿದ್ದ ಅವರಿಗೆ, ತಂದೆ ಆಕೆಯ ಮಾತೆತ್ತಿದಾಗ ತಮಗೂ ಹಾಗೆಯೇ ಆಗುತ್ತಿದ್ದುದು ನೆನಪಿತ್ತು. ಹುಡುಗರ ಸ್ವಭಾವವೇ ಹೀಗೆ ಎಂದು ಅಲ್ಲಿಗೆ ಬಿಟ್ಟರು. ಕಿರಿಯವನಾದ ಡಗ್ಲಸ್ ಗ್ರೆಶಮ್ ಎಷ್ಟೋ ವರ್ಷಗಳ ಮೇಲೆ ಈ ಗ್ರಂಥಕ್ಕೆ ಬರೆದ ಪ್ರಸ್ತಾವನೆಯಲ್ಲಿ ಆ ಮುಖಭಾವದ ಕಾರಣವನ್ನು ತಿಳಿಸಿದರು. ತಾಯಿಯ ಮಾತು ಬಂದರೆ ತಾನು ತಡೆಯಲಾರದೆ ಅತ್ತುಬಿಡುವೆನೆಂಬ ಭಯವೇ ಆ ಮುಜುಗರದ ಮೂಲವಾಗಿತ್ತು. ಇತರರ ಮುಂದೆ ಅಳುವುದು ಅತ್ಯಂತ ನಾಚಿಕೆಗೇಡೆಂದು ಶಾಲೆ ಅವನಿಗೆ ಕಲಿಸಿತ್ತು.